ಸ್ಕೋರ್‌ಶೀಟ್ ನೋಡಿ ಅವಳಿಗೆ ಗೊತ್ತಾಯಿತು

ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಕೋಚ್ ಮೇಜಿನ ಹತ್ತಿರ ಹೋಗಿ, ಮೊದಲು ಇಳಿಯುವ ಐದು ಜನರ ನಂಬರ್ ಪಕ್ಕ ಸ್ಕೋರ್‌ಶೀಟ್‌ನಲ್ಲಿ ಸಣ್ಣ ಇಂಟು ಮಾರ್ಕು ಹಾಕಿ ಸಹಿ ಮಾಡಬೇಕು. ಆಟ ಶುರುವಾದಾಗ ಸ್ಕೋರರ್ ಆ ಐದು ಇಂಟುಗಳಿಗೆ ಸೊನ್ನೆ ಸುತ್ತುತ್ತಾರೆ. ಆ ದಿನ ಅಂತರ ಕಾಲೇಜು ಸೆಮಿಫೈನಲ್. ನಾನು 11ರ ಪಕ್ಕ ಇಂಟು ಹಾಕಿ, 4ರ ಪಕ್ಕ ಖಾಲಿ ಬಿಟ್ಟು ಬಂದೆ. ಸ್ವಲ್ಪ ಹೊತ್ತಿಗೆ 4ನೇ ನಂಬರಿನ ಹುಡುಗಿ ಏನೋ ನೆಪ ಮಾಡಿಕೊಂಡು ಮೇಜಿನ ಕಡೆ ಹೋದಳು, ಬಗ್ಗಿ ನೋಡಿದಳು. ವಾಪಸ್ ಬಂದು ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಅವಳು ತಂಡದ ಕ್ಯಾಪ್ಟನ್. ನಾನು ಏನೂ ಹೇಳಲಿಲ್ಲ.

ನಾನು ಮೈಸೂರು ಕಡೆಯ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಬಾಗಿಲ ಮೇಲಿನ ಬೋರ್ಡಿನಲ್ಲಿ ಹಾಗಿದೆ, ಹುಡುಗಿಯರ ಬಾಯಲ್ಲಿ ಬರೀ ಪಿಟಿ ಮೇಡಂ. ಇಲ್ಲಿ ಯಾರ ಹೆಸರೂ ಬೇಡ, ಜೆರ್ಸಿ ನಂಬರಿನಲ್ಲೇ ಹೇಳುತ್ತೇನೆ. ನಮ್ಮ ಜೆರ್ಸಿಗಳು 4ರಿಂದ 15ರವರೆಗೆ ಮಾತ್ರ ಇವೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ 2014ರವರೆಗೆ ಹಾಗೇ ಇತ್ತು. ಆಮೇಲೆ ನಿಯಮ ಬದಲಾಯಿತು, ನಮ್ಮ ಕಾಲೇಜಿನ ಕ್ರೀಡಾ ಬಜೆಟ್ ಬದಲಾಗಲಿಲ್ಲ.

4 ಕೊನೆಯ ವರ್ಷದ ಹುಡುಗಿ. ಓಟ ಸಾಧಾರಣ, ಎಡಗೈ ಡ್ರಿಬಲ್ ಇನ್ನೂ ಸಾಧಾರಣ. ಆದರೆ ಅಂಕಣದಲ್ಲಿ ಯಾರು ಎಲ್ಲಿದ್ದಾರೆ ಅನ್ನೋದು ಅವಳಿಗೆ ಬೆನ್ನ ಹಿಂದೆಯೂ ಕಾಣುತ್ತದೆ. 11 ಎರಡನೇ ವರ್ಷ. ಚೆಂಡು ಸಿಕ್ಕರೆ ಗಾಳಿ. ಮೂರು ಸಲ ನುಗ್ಗಿದರೆ ಎರಡು ಬಾಸ್ಕೆಟ್, ಇನ್ನೊಂದು ಸಲ ಚೆಂಡು ಎದುರಾಳಿಯ ಕೈಲಿ. ಪಾಯಿಂಟ್ ಗಾರ್ಡ್ ಅಂದರೆ ತಂಡದ ಚಾಲಕಿ ಇದ್ದ ಹಾಗೆ: 8 ಸೆಕೆಂಡಿನೊಳಗೆ ಚೆಂಡನ್ನು ನಡುಗೆರೆ ದಾಟಿಸಬೇಕು, 24 ಸೆಕೆಂಡಿನೊಳಗೆ ಯಾರಾದರೂ ಬಾಸ್ಕೆಟ್‌ಗೆ ಎಸೆಯುವಂತೆ ನೋಡಿಕೊಳ್ಳಬೇಕು. ಆ ಜಾಗಕ್ಕೆ ಯಾರು?

ಈ ಪ್ರಶ್ನೆ ಒಂದು ತಿಂಗಳು ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಕುದಿಯಿತು. ಬಾಸ್ಕೆಟ್‌ಬಾಲ್ ಗೊತ್ತಿಲ್ಲದವರೂ ಪಕ್ಷ ಹಿಡಿದರು. ಪ್ರಿನ್ಸಿಪಾಲರು ಹಿರಿತನದ ಪಕ್ಷ, ಅಂದರೆ 4. ಕಾಮರ್ಸ್ ಮೇಷ್ಟ್ರು ಬೆಳಗಿನ ಜಾವ ಎದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರು, ಅವರದು 11. ಅವರ ಅಸ್ತ್ರ ಜೆರೆಮಿ ಲಿನ್. 2011ರ ಡಿಸೆಂಬರ್ ಒಂದೇ ತಿಂಗಳಲ್ಲಿ ಎರಡು ತಂಡ ಅವನನ್ನು ಕೈಬಿಟ್ಟಿದ್ದವು. 2012ರ ಫೆಬ್ರವರಿ 4ರಂದು ನ್ಯೂಯಾರ್ಕ್ ನಿಕ್ಸ್ ಬೆಂಚಿನಿಂದ ಎದ್ದು ಬಂದು 25 ಪಾಯಿಂಟ್, ಎರಡು ದಿನ ಬಿಟ್ಟು ಮೊದಲ ಐವರಲ್ಲಿ ಇಳಿದು 28, ಆ ವಾರವೇ ಲೇಕರ್ಸ್ ಮೇಲೆ 38. "ಬೆಂಚಲ್ಲಿ ಏನು ಕೂತಿದೆ ಅಂತ ನಿಮಗೆ ಗೊತ್ತೇ ಇರೋಲ್ಲ ಮೇಡಂ" ಅಂತ ಅವರು. ನಾನೂ ಬಿಡಲಿಲ್ಲ. ಲಿನ್ ಒಬ್ಬನೇ ಮಾಡಿದ್ದಲ್ಲ ಸಾರ್, ಟೈಸನ್ ಚಾಂಡ್ಲರ್ ಥರದ ಎತ್ತರದವನು ಬಂದು ಅಡ್ಡ ನಿಂತು ದಾರಿ ಬಿಡಿಸಿ, ಆಮೇಲೆ ಬಾಸ್ಕೆಟ್ ಕಡೆ ಓಡುತ್ತಿದ್ದ, ಕೋಚ್ ಡಾಂಟೋನಿಯ ಆಟವೇ ಆ ಜೋಡಿಯ ಮೇಲೆ ನಿಂತಿತ್ತು ಅಂದೆ. ಸರಿಯಾಗೇ ಹೇಳಿದ್ದೆ. ಅದೇ ಮಾತನ್ನು ನನ್ನ ತಂಡಕ್ಕೆ ಹಚ್ಚಿ ನೋಡೋ ಬುದ್ಧಿ ಮಾತ್ರ ಬರಲಿಲ್ಲ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನಾನೂ ಓದುವ ಕಾಲಕ್ಕೆ ಪಾಯಿಂಟ್ ಗಾರ್ಡ್, 4ರ ಥರದವಳೇ. ಕಾಲು ನಿಧಾನ, ಬಾಯಿ ಜೋರು. ಅವಳ ಮೇಲೆ ನನಗೆ ಒಳಗೊಳಗೇ ಒಲವಿತ್ತು. ಅದು ಎಲ್ಲರಿಗೂ ಕಾಣುತ್ತಿದೆಯೇನೋ ಅನ್ನೋ ಅಳುಕಿಗೇ ಸೆಮಿಫೈನಲ್ಲಿಗೆ 11ಕ್ಕೆ ಇಂಟು ಹಾಕಿದೆನೋ ಏನೋ. ಎದುರಾಳಿಗಳು ಅಂಕಣ ಪೂರ್ತಿ ಪ್ರೆಸ್ ಮಾಡುತ್ತಾರೆ, ಅಂದರೆ ಚೆಂಡು ಒಳಗೆ ಬಂದಲ್ಲಿಂದಲೇ ಮೇಲೆ ಬಿದ್ದು ತಡೆಯುತ್ತಾರೆ, ಅದಕ್ಕೆ ವೇಗ ಬೇಕು ಅಂತ ಎಲ್ಲರಿಗೂ ಹೇಳಿಕೊಂಡೆ. ಅದು ಅರ್ಧ ನಿಜ.

ಪಂದ್ಯದ ಬಗ್ಗೆ ಹೆಚ್ಚು ಹೇಳಲಾರೆ. ಅವರು ಪ್ರೆಸ್ ಮಾಡಿದರು, 11 ಮೂಲೆಯಲ್ಲಿ ಸಿಕ್ಕಿಬಿದ್ದಳು. ಎರಡನೇ ಕ್ವಾರ್ಟರಿಗೆ 4ನ್ನು ಇಳಿಸಿದೆ, ಅವಳೂ ಅದೇ ಮೂಲೆಯಲ್ಲಿ ಸಿಕ್ಕಿಬಿದ್ದಳು. ಮೂರನೆಯದರಲ್ಲಿ ಮತ್ತೆ 11. ಬದಲಾಯಿಸಿದ್ದೇ ಬದಲಾಯಿಸಿದ್ದು, ಸೋತಿದ್ದು 9 ಪಾಯಿಂಟಿನಿಂದ. ಬಸ್ಸಿನಲ್ಲಿ ಯಾರೂ ಹಾಡು ಹಾಕಲಿಲ್ಲ.

ಮಾರನೇ ದಿನ 4ನ್ನು ಕರೆದು ಸಮಾಧಾನ ಹೇಳಹೋದೆ. ಸ್ಯಾನ್ ಆಂಟೋನಿಯೋ ಸ್ಪರ್ಸ್‌ನ ಮಾನು ಜಿನೋಬಿಲಿ ಗೊತ್ತಲ್ಲ, ಅಷ್ಟು ದೊಡ್ಡ ಆಟಗಾರ ಬೆಂಚಿನಿಂದ ಬಂದು ಆಡುತ್ತಿದ್ದ, 2008ರಲ್ಲಿ ಅದಕ್ಕೇ ಪ್ರಶಸ್ತಿ ಬಂತು ಅಂತ ಶುರುಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಈ ಕಥೆ ನೀವು ಬೆಂಚಲ್ಲಿ ಕೂರ್ಸಿದೋರಿಗೆ ಮಾತ್ರ ಹೇಳ್ತೀರಾ ಮೇಡಂ. ಹೋದ ತಿಂಗಳು ಇದನ್ನೇ 11ಕ್ಕೆ ಹೇಳಿದ್ರಿ."

ಹೌದು, ಹೇಳಿದ್ದೆ. ನಗು ಬರಬೇಕಿತ್ತು, ಬರಲಿಲ್ಲ. "ಕೂರಿಸಿದ್ದಕ್ಕೆ ಬೇಜಾರಿಲ್ಲ, ಆ ಹಾಳೆ ನೋಡಿ ಗೊತ್ತಾಯ್ತಲ್ಲ, ಅದಕ್ಕೆ" ಅಂದಳು. ಆಮೇಲೆ ತಾನೇ ಹೋಗಿ 11ನ್ನು ಕರೆತಂದಳು. ಇಬ್ಬರೂ ನನ್ನ ಮೇಜಿನ ಮುಂದೆ ಒಟ್ಟಿಗೆ ನಿಂತಿದ್ದು ಅದೇ ಮೊದಲು. ತಿಂಗಳಿಡೀ ಅವರ ಬಗ್ಗೆ ಊರಿಗೆಲ್ಲ ಮಾತಾಡಿದ್ದೆ, ಅವರಿಬ್ಬರನ್ನು ಕೂರಿಸಿಕೊಂಡು ಒಂದು ಮಾತು ಕೇಳಿರಲಿಲ್ಲ.

"ಮೇಡಂ, ನಮಗೆ ಚೆಂಡು ಸಿಗೋದೇ ಮೂಲೇಲಿ" ಅಂದಳು 11. "ಸಿಗೋಷ್ಟೊತ್ತಿಗೆ ಇಬ್ರು ಮೇಲೆ ಬಿದ್ದಿರ್ತಾರೆ. ಇವಳಿಗೂ ಹಂಗೇ."

ಎದುರಾಳಿ ಬಾಸ್ಕೆಟ್ ಹಾಕಿದ ಮೇಲೆ ಕೊನೆಗೆರೆಯ ಆಚೆ ನಿಂತು ಚೆಂಡನ್ನು ಒಳಗೆ ಎಸೆಯುವವಳು ನಮ್ಮ ಸೆಂಟರ್, ಅಂದರೆ ಬಾಸ್ಕೆಟ್ ಹತ್ತಿರ ಆಡುವ ಎತ್ತರದವಳು, 9. ಎಸೆಯಲು ಐದೇ ಸೆಕೆಂಡು. ಅವಳಿಗೆ ಗಾಬರಿ. ಮೊದಲು ಕಂಡವರಿಗೆ, ಅಂದರೆ ಯಾವಾಗಲೂ ಬಲಗಡೆ ಮೂಲೆಗೆ, ಎಸೆದುಬಿಡುತ್ತಿದ್ದಳು. ಎದುರಾಳಿಗಳಿಗೆ ಅದು ಮೊದಲ ಐದು ನಿಮಿಷದಲ್ಲೇ ತಿಳಿದಿತ್ತು. ಹಾಸ್ಟೆಲಿನಲ್ಲಿ ರಾತ್ರಿ ಊಟದ ಹೊತ್ತಿಗೆ ಹುಡುಗಿಯರು ಇದನ್ನು ವಾರಗಟ್ಟಲೆ ಮಾತಾಡಿದ್ದಾರೆ, 9 ಕೂಡ ಆ ಮಾತಿನಲ್ಲಿದ್ದಳಂತೆ. ಬೆಂಚಿನಲ್ಲಿ ಕೂತ ಹುಡುಗಿಯೊಬ್ಬಳಿಗೆ ನಾನೇ ನೋಟ್‌ಬುಕ್ ಕೊಟ್ಟು ಕಳೆದುಕೊಂಡ ಚೆಂಡುಗಳನ್ನು ಬರೆಸಿದ್ದೆ. ತೆಗೆದು ನೋಡಿದೆ. ಅರ್ಧಕ್ಕಿಂತ ಹೆಚ್ಚು ನಡುಗೆರೆ ದಾಟುವ ಮೊದಲೇ ಹೋಗಿದ್ದವು. ಕೆಲವಂತೂ ಯಾವ ಗಾರ್ಡಿನ ಕೈಗೂ ತಲುಪಿರಲಿಲ್ಲ. ನಾವು ಚಾಲಕಿ ಯಾರಾಗಬೇಕು ಅಂತ ಜಗಳ ಆಡುತ್ತಿದ್ದೆವು, ಬಸ್ಸು ಶೆಡ್ಡಿನಿಂದಲೇ ಹೊರಟಿರಲಿಲ್ಲ.

2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬಿ ಡಿವಿಷನ್ ನಡೆದಾಗ ಅಂದಿನ ನಮ್ಮ ತಂಡವನ್ನು ಕರೆದುಕೊಂಡು ಹೋಗಿದ್ದೆ. ಭಾರತ ಗೆದ್ದು ಎ ಡಿವಿಷನ್‌ಗೆ ಏರಿದ ವರ್ಷ ಅದು. ಗಂಟಲು ಹರಿಯೋ ಹಾಗೆ ಕೂಗಿದ್ದು ನೆನಪಿದೆ. ಆದರೆ ಆಗಲೂ ನನ್ನ ಕಣ್ಣೆಲ್ಲ ಡ್ರಿಬಲ್ ಮಾಡುವವರ ಮೇಲೆ. ಗೆರೆಯಾಚೆ ನಿಂತು ಚೆಂಡು ಎಸೆಯುವವರ ಮುಖ ಒಂದೂ ನೆನಪಿಲ್ಲ. ಇಷ್ಟು ವರ್ಷದ ಸರ್ವಿಸಿನಲ್ಲಿ ಇದೊಂದು ನೋಡಲೇ ಇಲ್ಲವಲ್ಲ ಅನ್ನಿಸಿತು.

ಪರಿಹಾರ ಹೇಳಿದ್ದು 4. ಚೆಂಡನ್ನು ಒಳಗೆ ಎಸೆಯೋದು ತಾನೇ. ಬಾಸ್ಕೆಟ್ ಆದ ಮೇಲೆ ಎಸೆಯುವವರು ಕೊನೆಗೆರೆಯುದ್ದಕ್ಕೂ ಓಡಾಡಬಹುದು, ಅದು ನಿಯಮದಲ್ಲೇ ಇದೆ, ನಾವು ಬಳಸುತ್ತಿರಲಿಲ್ಲ ಅಷ್ಟೆ. 9 ನಡುವೆ ನಿಂತು ಎತ್ತರದಲ್ಲಿ ಚೆಂಡು ಹಿಡಿಯಬೇಕು, 11 ಪಕ್ಕದಲ್ಲಿ ಓಡುತ್ತಾ ಬಂದು ಅದನ್ನು ತಗೊಂಡು ಹೋಗಬೇಕು, ತಾನು ಒಳಗೆ ಬಂದು ಹಿಂದಿನಿಂದ ಆಸರೆ. ಮೂರು ವಾರ ಸಂಜೆ ಇದೊಂದನ್ನೇ ಮಾಡಿದೆವು. ಮೊದಲ ವಾರ ನೋಡೋಕಾಗುತ್ತಿರಲಿಲ್ಲ. 9 ಹಿಡಿದ ಚೆಂಡನ್ನು ಕೊಡೋದು ಮರೆತು ತಾನೇ ಡ್ರಿಬಲ್ ಮಾಡಹೊರಡುತ್ತಿದ್ದಳು.

ಮುಂದಿನ ಟೂರ್ನಮೆಂಟಿಗೆ 4, 11 ಇಬ್ಬರೂ ಮೊದಲ ಐವರಲ್ಲಿ. ಸ್ಟಾಫ್ ರೂಮಿನಲ್ಲಿ ಎರಡೂ ಪಕ್ಷದವರು ತಾವೇ ಗೆದ್ದೆವು ಅಂದುಕೊಂಡರು. ಆದರೆ ಐದರಲ್ಲಿ ಇಬ್ಬರು ಗಾರ್ಡ್‌ಗಳು ಆ ಥರ ಬಂದರೆ ಒಬ್ಬರು ಹೊರಗೆ ಹೋಗಲೇಬೇಕು. ಹೋದವಳು 7. ತಪ್ಪೇನೂ ಮಾಡಿರಲಿಲ್ಲ, ಸೀಸನ್ ಪೂರ್ತಿ ಚೆನ್ನಾಗೇ ಆಡಿದ್ದಳು. ಪಂದ್ಯ ಶನಿವಾರ ಇತ್ತು. ಮಂಗಳವಾರ ಸಂಜೆ ಅಭ್ಯಾಸ ಮುಗಿದ ಮೇಲೆ ಅವಳೊಬ್ಬಳನ್ನೇ ಉಳಿಸಿಕೊಂಡು, ಕಲ್ಲಿನ ಕಟ್ಟೆ ಮೇಲೆ ಕೂತು, ಯಾಕೆ ಅನ್ನೋದನ್ನ ಮುಚ್ಚುಮರೆಯಿಲ್ಲದೆ ಹೇಳಿದೆ. ಜಿನೋಬಿಲಿ ಕಥೆ ಹೇಳಲಿಲ್ಲ.

ಅವಳು ಬ್ಯಾಗಿನ ಜಿಪ್ ಎರಡು ಸಲ ತೆಗೆದು ಹಾಕಿದಳು. "ಮುಂಚೇನೇ ಹೇಳಿದ್ರಲ್ಲ, ಸರಿ ಮೇಡಂ" ಅಂದಳು. ಬುಧವಾರ ಅಭ್ಯಾಸಕ್ಕೆ ಬಂದಳು, ಗುರುವಾರವೂ ಬಂದಳು. ನನ್ನ ಜೊತೆ ಮಾತಾಡಿದ್ದು ಮಾತ್ರ ಶನಿವಾರ, ಮೂರನೇ ಕ್ವಾರ್ಟರಿನಲ್ಲಿ 11ಕ್ಕೆ ನಾಲ್ಕನೇ ಫೌಲ್ ಆದಾಗ. ಇನ್ನೊಂದಾದರೆ 11 ಆಟದಿಂದಲೇ ಹೊರಗೆ. ಪಕ್ಕದಲ್ಲಿ ಬಂದು ನಿಂತು, ವಾರ್ಮ್‌ಅಪ್ ಶರ್ಟ್ ತೆಗೆಯುತ್ತಾ, "ನಾನು ಹೋಗ್ಲಾ?" ಅಂದಳು.