ಕಕ್ಕಡದ ಮಳೆಯಲ್ಲಿ ಡೇಟಾಬೇಸಿಗೆ ಕಾವಲು

ಕಳೆದ ಜನವರಿಯಲ್ಲಿ ಶನಿವಾರಸಂತೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಕಾಫಿ ತೂಕ ಹಾಕಿಸಿ, ಬಿಲ್ಲಿಗಾಗಿ ನಮ್ಮ ಕೌಂಟರಿನ ಮುಂದೆ ಮುಕ್ಕಾಲು ಗಂಟೆ ನಿಂತರು. ಅವರ ಬಸ್ಸು ತಪ್ಪಿತು. ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಆ ಕ್ಯೂರಿಂಗ್ ಘಟಕದ ಲೆಕ್ಕವೆಲ್ಲ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವವನು ನಾನು. "ಮೊಬೈಲ್ ನಂಬರ್ ಹಾಕಿ ಹುಡುಕಿದ್ರೆ ಸಾಕು, ಸುತ್ತುತ್ತಾನೇ ಇರುತ್ತೆ" ಎಂದು ಕೌಂಟರಿನ ಅಕ್ಕ ಅವತ್ತೇ ಹೇಳಿದ್ದರು. ನಾನು ಅದನ್ನು ಸರಿಯಾಗಿ ಕೇಳಿಸಿಕೊಳ್ಳದೆ ಸರ್ವರಿಗೆ ರ‍್ಯಾಮ್ ಹಾಕಿಸಿದೆ. ಏನೂ ಪ್ರಯೋಜನವಾಗಲಿಲ್ಲ. ತಡ ಎಲ್ಲಿ ಆಗುತ್ತಿದೆ ಎಂದು ನೋಡದೆ ಬೇರೆಯವರ ದುಡ್ಡು ಖರ್ಚು ಮಾಡಿಸಿದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಆಗಸ್ಟ್ 3, ಕೊಡವರ ಮಳೆಗಾಲದ ತಿಂಗಳು ಕಕ್ಕಡದ ಹದಿನೆಂಟನೇ ದಿನ. ಘಟಕದಲ್ಲಿ ಕೆಲಸ ಕಡಿಮೆ. ಒಲೆಯ ಮೇಲೆ ಅವ್ವನ ಮದ್ದುಸೊಪ್ಪಿನ ಪಾಯಸ, ಮನೆ ತುಂಬಾ ಅದರ ಘಮ. ಈ ಸಲ ತಡ ಎಲ್ಲಿ ಎಂದು ಮೊದಲು ಅಳೆದು ನೋಡೋಣವೆಂದು, ಸುಂಟಿಕೊಪ್ಪದ ಮನೆಯಿಂದಲೇ ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಲಾಗಿನ್ ಆಗಿ, ಸರ್ವರಿಗೆ ಹೋದೆ. ಈ ಮಳೆಯಲ್ಲಿ ಯಾವ ಮರ ಯಾವ ತಂತಿಯ ಮೇಲೆ ಬೀಳುತ್ತದೋ ಗೊತ್ತಿಲ್ಲ. ಅದಕ್ಕೇ ಮೊದಲು, ಲೈನ್ ಕಡಿದರೂ ಸರ್ವರಿನಲ್ಲಿ ಕೆಲಸವನ್ನು ಹಾಗೇ ಉಳಿಸುವ ಟಿಮಕ್ಸ್ ತೆರೆದುಕೊಂಡೆ. ಎರಡು ಸಲ ಲೈನ್ ಕಡಿಯಿತು, ಎರಡು ಸಲವೂ ಬಿಟ್ಟ ಕೆಲಸ ಬಿಟ್ಟಲ್ಲೇ ಸಿಕ್ಕಿತು. ಕೊಡಗಿನಲ್ಲಿ ಕೂತು ದೂರದ ಸರ್ವರ್ ಮುಟ್ಟುವವರೆಲ್ಲ ಇದನ್ನು ಕಲಿಯಲೇಬೇಕು.

ಮೊದಲ ಕೆಲಸ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್. ಯಾವ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಯಾವ ಪ್ರಶ್ನೆ, ಎಷ್ಟು ಸಲ ಓಡಿತು, ಎಷ್ಟು ಹೊತ್ತು ತಿಂದಿತು ಎಂದು ಲೆಕ್ಕ ಇಡುವುದು ಇದೇ. ಷೇರ್ಡ್ ಪ್ರಿಲೋಡ್ ಲೈಬ್ರರೀಸ್ ಎಂಬ ಸೆಟ್ಟಿಂಗ್‌ನಲ್ಲಿ ಅದರ ಹೆಸರು ಸೇರಿಸಿ ಪೋಸ್ಟ್‌ಗ್ರೆಸ್ ಅನ್ನು ರೀಸ್ಟಾರ್ಟ್ ಮಾಡಬೇಕು, ಬರೀ ರೀಲೋಡ್ ಸಾಲದು. ಆಮೇಲೆ ಡೇಟಾಬೇಸಿನ ಒಳಗೆ ಕ್ರಿಯೇಟ್ ಎಕ್ಸ್‌ಟೆನ್ಷನ್ ಆಜ್ಞೆ.

ಮುಂದಿನದು ಪೋಸ್ಟ್‌ಗ್ರೆಸ್ ಎಕ್ಸ್‌ಪೋರ್ಟರ್, ಡೇಟಾಬೇಸಿನ ಸ್ಥಿತಿಯನ್ನು ಅಂಕಿಗಳಾಗಿ ತೋರಿಸುವ ಪುಟ್ಟ ಪ್ರೋಗ್ರಾಂ. ತಂತ್ರಾಂಶ ಇಳಿಸುವ ಆಪ್ಟ್ ಆಜ್ಞೆಯಿಂದ ಒಂದೇ ಸಾಲಿನಲ್ಲಿ ಇಳಿಯಿತು. ಅದಕ್ಕೆ ಎಲ್ಲವನ್ನೂ ಮುಟ್ಟಬಲ್ಲ ಸೂಪರ್‌ಯೂಸರ್ ಅಧಿಕಾರ ಕೊಡಬೇಡಿ, ದಯವಿಟ್ಟು. ಬೆಳೆಗಾರರ ಬ್ಯಾಂಕ್ ಖಾತೆಯ ವಿವರ ಇರುವ ಡೇಟಾಬೇಸ್ ಅದು. ಪೋಸ್ಟ್‌ಗ್ರೆಸ್ 10ರಿಂದ ಪಿಜಿ ಮಾನಿಟರ್ ಎಂಬ ರೋಲ್ (ಸೀಮಿತ ಅಧಿಕಾರ) ಇದೆ, ಕಾವಲಿಗೆ ಅಷ್ಟು ಸಾಕು. ಹೊಸ ಯೂಸರ್ ಮಾಡಿ ಆ ರೋಲ್ ಕೊಟ್ಟೆ, ಡೇಟಾಬೇಸಿಗೆ ಸಂಪರ್ಕದ ಸಾಲನ್ನು ಡೇಟಾ ಸೋರ್ಸ್ ನೇಮ್ ಎಂಬ ಸೆಟ್ಟಿಂಗ್‌ನಲ್ಲಿ ಯುಆರ್‌ಎಲ್ ರೂಪದಲ್ಲಿ ಬರೆದೆ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಕರ್ಲ್ ಆಜ್ಞೆಯಿಂದ ಎಕ್ಸ್‌ಪೋರ್ಟರಿನ 9187ನೇ ಪೋರ್ಟ್ ನೋಡಿದರೆ, ಡೇಟಾಬೇಸ್ ಸಿಕ್ಕಿದೆ ಎನ್ನಲು ಪಿಜಿ ಅಪ್ ಎದುರು 1 ಬರಬೇಕು. ಬರಲಿಲ್ಲ. ಒಂದು ಗಂಟೆ ಹೋಯಿತು. ಪಾಯಸ ಆರಿತು. ನಾನು ಇಟ್ಟ ಪಾಸ್‌ವರ್ಡ್‌ನಲ್ಲಿ ಒಂದು ಹ್ಯಾಶ್ ಗುರುತು (#) ಇತ್ತು. ಯುಆರ್‌ಎಲ್‌ನಲ್ಲಿ ಹ್ಯಾಶ್ ಬಂದರೆ ಅದರ ಮುಂದಿನದೆಲ್ಲ ಬೇರೆ ಭಾಗ ಎಂದೇ ಲೆಕ್ಕ, ಹಾಗಾಗಿ ಸರ್ವರಿನ ವಿಳಾಸವೇ ಕತ್ತರಿಸಿಹೋಗಿತ್ತು. ಅದರ ಜಾಗದಲ್ಲಿ ಶೇಕಡಾ ಗುರುತು ಹಾಕಿ 23 ಎಂದು ಬರೆದ ಮೇಲೆ 1 ಬಂತು.

ಎಕ್ಸ್‌ಪೋರ್ಟರ್ ಹೇಳುವುದು ಈ ಕ್ಷಣದ ಸ್ಥಿತಿ ಮಾತ್ರ. ಅದರಿಂದ ಆಗಾಗ ಅಂಕಿ ತೆಗೆದು ಹಳೆಯದನ್ನು ಕೂಡಿಡಲು ಪ್ರೊಮಿಥಿಯಸ್ ಎಂಬ ತಂತ್ರಾಂಶ ಬೇಕು. ಅದರ ಕಾನ್ಫಿಗ್ ಫೈಲಿನಲ್ಲಿ ಒಂದು ಸ್ಪೇಸ್ ತಪ್ಪಿದರೂ ಕೆಡುತ್ತದೆ. ಅದರ ಜೊತೆಗೇ ಬರುವ ಪ್ರಾಮ್‌ಟೂಲ್‌ನಿಂದ ಫೈಲ್ ಪರೀಕ್ಷಿಸಿಯೇ ರೀಸ್ಟಾರ್ಟ್ ಮಾಡಿದೆ.

ಪಾಯಸ ತಿಂದು ಬಂದು, ತಿಂದ ಒಟ್ಟು ಹೊತ್ತಿನ ಪ್ರಕಾರ ಕ್ವೆರಿಗಳನ್ನು ಸಾಲಾಗಿ ತೋರಿಸು ಎಂದು ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಅನ್ನು ಕೇಳಿದೆ. ನನ್ನ ಹಳೆಯ ಟಿಪ್ಪಣಿಯಲ್ಲಿ ಆ ಕಾಲಂ ಹೆಸರು ಟೋಟಲ್ ಟೈಮ್ ಎಂದಿತ್ತು, ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಅದು ಟೋಟಲ್ ಎಕ್ಸೆಕ್ ಟೈಮ್. ಎರಡು ದಿನದ ಲೆಕ್ಕ ಕೂಡಿದ ಮೇಲೆ ಮತ್ತೆ ನೋಡಿದೆ. ಮೇಲೆ ಕೂತಿದ್ದು ಅಕ್ಕ ಹೇಳಿದ್ದೇ: ಮೊಬೈಲ್ ನಂಬರಿನಿಂದ ಬೆಳೆಗಾರರ ಬಾಕಿ ಹುಡುಕುವ ಕ್ವೆರಿ, ಸಲಕ್ಕೆ ನಾಲ್ಕು ಸೆಕೆಂಡು. ಕ್ವೆರಿ ಹೇಗೆ ಓಡುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಹಾಕಿದರೆ ಇಡೀ ಟೇಬಲನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದೆ. ಮೊಬೈಲ್ ನಂಬರಿನ ಕಾಲಂಗೆ, ಪುಸ್ತಕದ ಕೊನೆಯ ಸೂಚಿಯಂತೆ ಬೇಗ ಹುಡುಕಿಕೊಡುವ ಇಂಡೆಕ್ಸೇ ಇರಲಿಲ್ಲ. ಟೇಬಲಿಗೆ ಬರೆಯುವುದನ್ನು ತಡೆಯದ ಕನ್‌ಕರೆಂಟ್ಲಿ ಎಂಬ ಪದ ಸೇರಿಸಿ ಇಂಡೆಕ್ಸ್ ಮಾಡಿದೆ, ಕೌಂಟರಿನಲ್ಲಿ ಬಿಲ್ ಬರೆಯುವುದು ನಿಲ್ಲಲಿಲ್ಲ. ಈಗ ಎರಡು ಮಿಲಿಸೆಕೆಂಡು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಸೀಸನ್ ಬರಲಿ, ಆಗ ಹೇಳ್ತೀನಿ" ಅಂದರು. ಪ್ರೊಮಿಥಿಯಸ್ ಸುಮ್ಮನೆ ಬಿಟ್ಟರೆ 15 ದಿನದ ಲೆಕ್ಕ ಮಾತ್ರ ಇಡುತ್ತದೆ. ಅರೇಬಿಕಾದಿಂದ ಶುರುವಾಗಿ ರೊಬಸ್ಟಾ ಮುಗಿಯುವವರೆಗೆ ಪೂರ್ತಿ ಸಿಗಲಿ ಎಂದು 180 ದಿನಕ್ಕೆ ಏರಿಸಿದ್ದೇನೆ.