ಸಹಿ ಬೇಡದ ತಂದೆ

ಕಳೆದ ತಿಂಗಳು ಇಂಡಿ ಕಡೆಯ ಒಬ್ಬ ಹುಡುಗ ನನ್ನನ್ನು ಹುಡುಕಿಕೊಂಡು ವಿಜಯಪುರಕ್ಕೆ ಬಂದಿದ್ದ. ಅವನಿಗೆ ಇಪ್ಪತ್ಮೂರು ವರ್ಷ. ಮದುವೆಗೆ ಮುಂಚೆಯೇ ಗರ್ಭಿಣಿಯಾದ ಅವನ ಗೆಳತಿಗೆ ಎಂಟು ತಿಂಗಳು ತುಂಬಿದ್ದವು. ಹುಟ್ಟುವ ಮಗುವನ್ನು ದತ್ತು ಕೊಡಬೇಕೆಂದು ಅವಳೂ ಅವಳ ತಾಯಿಯೂ ನಿರ್ಧರಿಸಿದ್ದರು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ತಂದಿಟ್ಟ ಚಹಾ ಆರಿಹೋಗುವವರೆಗೂ ಸುಮ್ಮನೆ ಕುಳಿತಿದ್ದು, ಕೊನೆಗೆ ಅವನು ಕೇಳಿದ: "ಅಣ್ಣಾ, ನನ್ನ ಸಹಿ ಬೇಕಾಗಿಲ್ಲಂತ. ಹಂಗಾದ್ರ ನಾ ಅಲ್ಲಿ ಹೋಗಿ ಮಾಡೂದೇನ ಐತ್ರಿ?" ಎಂಟು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿದ್ದೆ. ಆ ದಿನ ಅವನಿಗೆ ಹೇಳಿದ್ದನ್ನೂ, ಅವಸರದಲ್ಲಿ ಹೇಳದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವನು ಕೇಳಿಕೊಂಡು ಬಂದದ್ದು ನಿಜವೇ. ಬಾಲ ನ್ಯಾಯ ಕಾಯ್ದೆಯಡಿಯ ದತ್ತು ನಿಯಮಗಳ ಪ್ರಕಾರ, ಮದುವೆಯಾದ ದಂಪತಿಯ ಮಗುವಾದರೆ ಅದನ್ನು ದತ್ತುವಿಗೆಂದು ಒಪ್ಪಿಸುವ ಪತ್ರಕ್ಕೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಬೇಕು. ಒಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಕೊಡಬೇಕು. ಮದುವೆಯ ಹೊರಗೆ ಹುಟ್ಟಿದ ಮಗುವನ್ನು ಒಪ್ಪಿಸುವ ಅಧಿಕಾರ ತಾಯಿಗೆ ಮಾತ್ರ. 2017ರ ನಿಯಮಗಳಲ್ಲಿಯೂ ಹೀಗೆಯೇ ಇತ್ತು, 2022ರಲ್ಲಿ ಬಂದ ಹೊಸ ನಿಯಮಗಳಲ್ಲಿಯೂ ಹೀಗೆಯೇ ಇದೆ. ಹಿಂದೂ ದತ್ತಕ ಕಾಯ್ದೆಯ ಚರಿತ್ರೆ ಇದಕ್ಕೆ ತದ್ವಿರುದ್ಧ: 1956ರಲ್ಲಿ ಆ ಕಾಯ್ದೆ ಬಂದಾಗ, ತಂದೆ ಬದುಕಿರುವವರೆಗೆ ಮಗುವನ್ನು ದತ್ತಕ ಕೊಡುವ ಹಕ್ಕು ಅವನೊಬ್ಬನದೇ ಆಗಿತ್ತು, ತಾಯಿಯದು ಒಪ್ಪಿಗೆ ಮಾತ್ರ, 2010ರ ತಿದ್ದುಪಡಿಯಿಂದಷ್ಟೇ ಇಬ್ಬರಿಗೂ ಸಮಾನ ಹಕ್ಕು ಬಂತು. ಒಂದು ಕಡೆ ಎಲ್ಲವೂ ತಂದೆಯದೇ ಆಗಿತ್ತು, ಇನ್ನೊಂದು ಕಡೆ ಅವನ ಹೆಸರೂ ಬೇಕಿಲ್ಲ.

ಮದುವೆಯಾಗದ ತಾಯಿಯೊಬ್ಬಳ ಸಹಿ ಸಾಕು ಎಂಬ ನಿಯಮ ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಸಹಿಯ ಅಧಿಕಾರ ತಂದೆಯ ಕೈಯಲ್ಲಿದ್ದರೆ, ಬಸಿರಾದ ಸುದ್ದಿ ಕೇಳಿ ಊರು ಬಿಟ್ಟವನನ್ನು ಹುಡುಕಿಕೊಂಡು ಬಾಣಂತಿಯೇ ಅಲೆಯಬೇಕಾಗುತ್ತಿತ್ತು. ಮದುವೆಯಾಗದ ತಾಯಿ ಮಗುವಿನ ತಂದೆಯ ಹೆಸರನ್ನು ಹೇಳದೆಯೂ, ಅವನಿಗೆ ನೋಟಿಸ್ ಕೊಡದೆಯೂ ಪೋಷಕತ್ವ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿದ್ದೂ ಇದೇ ದಾರಿಯಲ್ಲಿದೆ. ಹೆಣ್ಣನ್ನು ಹೆದರಿಸಿದವನು, ಬಲವಂತ ಮಾಡಿದವನು ದೂರ ಇರುವುದೇ ಆ ಮಗುವಿಗೂ ತಾಯಿಗೂ ಕ್ಷೇಮ. ತಾಯಿಗೆ ಹದಿನೆಂಟು ತುಂಬಿರದಿದ್ದರೆ ಅದು ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ ಮಾತು. ಇವರ ಕುರಿತು ನಾನು ಬರೆಯುತ್ತಿಲ್ಲ. ಹತ್ತಿರವೇ ಇದ್ದು, ಕೈಲಾಗುವುದಿದ್ದೂ, ಸಹಿ ಬೇಡ ಎಂಬ ಮಾತಿನ ಹಿಂದೆ ಅಡಗಿ ಕುಳಿತುಕೊಳ್ಳುವ ನನ್ನಂಥವರ ಕುರಿತು ಬರೆಯುತ್ತಿದ್ದೇನೆ.

ನಮ್ಮ ಸೀಮೆಯವರಿಗೆ ದತ್ತಕ ಎಂದ ಕೂಡಲೇ ಕಿತ್ತೂರು ನೆನಪಾಗುತ್ತದೆ. 1824ರಲ್ಲಿ ದೊರೆ ಸಾಯುವ ಮೊದಲು ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡದ್ದು, ಥ್ಯಾಕರೆ ಅದನ್ನು ಒಪ್ಪದಿದ್ದದ್ದು, ಚೆನ್ನಮ್ಮ ಯುದ್ಧಕ್ಕೆ ನಿಂತದ್ದು ಇವೆಲ್ಲ ಶಾಲೆಯ ಹುಡುಗರಿಗೂ ಬಾಯಿಪಾಠ. ಆದರೆ ಆ ಹುಡುಗನನ್ನು ಹೆತ್ತು, ಕೈಯೆತ್ತಿ ಕೊಟ್ಟ ತಂದೆ ಯಾರೆಂದು ನಮಗೆ ಯಾವ ಮಾಸ್ತರರೂ ಹೇಳಿದ ನೆನಪು ನನಗಿಲ್ಲ, ನಾವೂ ಕೇಳಲಿಲ್ಲ. ಕೊಟ್ಟ ತಂದೆಯನ್ನು ಮರೆಯುವುದು ನಮಗೆ ಅಷ್ಟು ಸಹಜವಾಗಿದೆ.

2018ರ ಫೆಬ್ರುವರಿಯಲ್ಲಿ ನಮ್ಮ ಮಗು ಹುಟ್ಟಿತು. ನಾನಾಗ ತಿಕೋಟಾ ಹತ್ತಿರ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ನಾವು ಮದುವೆ ಆಗಲಿಲ್ಲ. ಅದರ ಕಾರಣಗಳು ನಮ್ಮಿಬ್ಬರವು, ಇಲ್ಲಿ ಬೇಡ. ಹೆರಿಗೆಯಾದ ಖಾಸಗಿ ಆಸ್ಪತ್ರೆಯಲ್ಲಿ ಒಬ್ಬ ಆಯಾ ನನ್ನನ್ನು ಮೆಟ್ಟಿಲ ಕೆಳಗೆ ಕರೆದು, ಸೊಲ್ಲಾಪುರದ ಕಡೆಯ ಒಳ್ಳೆಯ ಮನೆತನದವರಿದ್ದಾರೆ, ಆಸ್ಪತ್ರೆಯ ಖರ್ಚೆಲ್ಲ ಅವರೇ ನೋಡಿಕೊಳ್ಳುತ್ತಾರೆ, ಯಾವ ಕಾಗದವೂ ಬೇಡ ಎಂದಳು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಹಗುರಾಯಿತು. ಮಗುವಿನ ತಾಯಿಯ ಅಕ್ಕ ಅದನ್ನು ಕೇಳಿ ನನ್ನ ಮುಖವನ್ನೇ ಒಂದು ಸಲ ನೋಡಿ, ಅಲ್ಲಿಯೇ ನಿಂತು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚಿದಳು. ಹಣಕ್ಕೆ ಮಗುವನ್ನು ಕೈ ಬದಲಿಸುವುದು ಐದು ವರ್ಷದವರೆಗಿನ ಸಜೆಗೂ ಒಂದು ಲಕ್ಷ ರೂಪಾಯಿ ದಂಡಕ್ಕೂ ಗುರಿಯಾಗುವ ಅಪರಾಧ ಎಂಬುದು ನನಗೆ ಆಮೇಲೆ ತಿಳಿಯಿತು. ಶಿಕ್ಷೆಗಿಂತ ಹೆಚ್ಚಾಗಿ ನನ್ನನ್ನು ಇಂದಿಗೂ ನಡುಗಿಸುವುದು ಬೇರೆ: ಅಂದು ಹಾಗೆ ಕೊಟ್ಟಿದ್ದರೆ ನಮ್ಮ ಮಗು ಎಲ್ಲಿಂದ ಬಂತೆಂಬುದಕ್ಕೆ ಲೋಕದಲ್ಲಿ ಒಂದು ಚೀಟಿಯೂ ಉಳಿಯುತ್ತಿರಲಿಲ್ಲ.

ಮಗುವನ್ನು ಒಪ್ಪಿಸಲು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುವ ದಿನ ನಾನು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಸಮಿತಿಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಸಹಿಗೆ ಮೊದಲು ತಾಯಿಯೊಡನೆ ಸಮಾಲೋಚನೆ ನಡೆಯಲೇಬೇಕು. ಅವಳು ಒಳಗಿದ್ದಾಗ ಆಪ್ತಸಮಾಲೋಚಕಿ ಹೊರಗೆ ಬಂದು, ಅವಳ ಒಪ್ಪಿಗೆ ಪಡೆದೇ ನನ್ನನ್ನು ಕರೆಯುತ್ತಿರುವುದಾಗಿ ಹೇಳಿ, ಪಕ್ಕದ ಕೋಣೆಯಲ್ಲಿ ಕೂಡಿಸಿದರು. "ನಿನ್ನ ಸಹಿ ಬ್ಯಾಡಪಾ. ಆದ್ರ ನಿಮ್ಮ ಮನ್ಯಾಗ ಹುಟ್ಟಿದಾಗಿಂದ ಬಂದ ಬ್ಯಾನಿ ಯಾರಿಗರೆ ಅದಾವೇನು, ಅದನ್ನ ನೀನ ಹೇಳಬೇಕು." ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ನನ್ನ ಕಾಕಾನಿಗೂ ಹಾಗೆಯೇ, ನನ್ನ ಅವ್ವ ಸೋದರಮಾವನನ್ನೇ ಮದುವೆಯಾದವಳು ಎಂದೆ. ಬರೆಯುತ್ತಿದ್ದ ಅವರ ಪೆನ್ನು ಅಲ್ಲಿ ನಿಂತಿತು. ಇದನ್ನು ಮಗುವಿನ ತಾಯಿಗೆ ಹೇಳಿದ್ದೀಯಾ ಎಂದರು. ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅದೊಂದು ಹೇಳುವ ಸಂಗತಿಯೇ ಆಗಿರಲಿಲ್ಲ. ತಂಗಿ ಎಂದರೆ ಕೈಸನ್ನೆ, ಅಷ್ಟೇ.

ಶಿಶುವಿನ ಕಿವಿಯನ್ನು ಮೊದಲ ತಿಂಗಳೊಳಗೆ ಪರೀಕ್ಷಿಸಬೇಕು, ದೋಷವಿದ್ದರೆ ಮೂರನೆಯ ತಿಂಗಳೊಳಗೆ ಖಚಿತಪಡಿಸಿಕೊಳ್ಳಬೇಕು, ಆರನೆಯ ತಿಂಗಳೊಳಗೆ ಉಪಚಾರ ಆರಂಭವಾಗಬೇಕು, ತಡವಾದಷ್ಟೂ ಮಾತು ಬರುವುದು ಕಷ್ಟ ಎಂದು ಅವರು ನನಗೆ ವಿವರಿಸಿದರು. ನನ್ನ ತಂಗಿಯ ವಿಷಯ ನಮಗೆ ಗೊತ್ತಾದದ್ದು ಅವಳಿಗೆ ಮೂರು ವರ್ಷವಾದ ಮೇಲೆ. ಬೇವಿನ ಗಿಡದ ಕೆಳಗೆ ನಾನು ನಿಂತೇ ಇದ್ದಿದ್ದರೆ, ಅಥವಾ ಮನೆಯಿಂದಲೇ ಹೊರಡದಿದ್ದರೆ, ಆ ಎರಡು ಸಾಲು ಮಗುವಿನ ಕಡತಕ್ಕೆ ಸೇರುತ್ತಿರಲಿಲ್ಲ. ದತ್ತು ಪಡೆಯುವವರು ಮಗುವಿನ ಅಧ್ಯಯನ ವರದಿಯನ್ನೂ ವೈದ್ಯಕೀಯ ವರದಿಯನ್ನೂ ಓದಿ ಒಪ್ಪಿಕೊಳ್ಳುತ್ತಾರೆ. ತಂದೆಯ ಕಡೆಯ ಸಂಗತಿಯನ್ನು ಆ ಕಾಗದಕ್ಕೆ ಸೇರಿಸಬಲ್ಲವನು ತಂದೆ ಒಬ್ಬನೇ. ಹತ್ತೊಂಬತ್ತನೆಯ ದಿನ ಮಗುವಿನ ತಾಯಿಯ ಅಕ್ಕ ಫೋನ್ ಮಾಡಿ, ಎರಡೂ ಕಿವಿ ಚೆನ್ನಾಗಿ ಕೇಳಿಸುತ್ತವಂತೆ ಎಂದಳು. ನಾನು ದ್ರಾಕ್ಷಿಯ ಬಾಕ್ಸುಗಳ ನಡುವೆ, ಆ ಚಳಿಯಲ್ಲಿ, ಎಷ್ಟೋ ಹೊತ್ತು ಕುಳಿತಿದ್ದೆ.

ಒಪ್ಪಿಸುವ ಪತ್ರಕ್ಕೆ ಸಹಿ ಬಿದ್ದ ಮೇಲೆ ಮನಸ್ಸು ಬದಲಿಸಲು ಅರವತ್ತು ದಿನಗಳ ಅವಕಾಶವಿರುತ್ತದೆ. ಅದು ಮುಗಿದರೆ ಮಗುವನ್ನು ಮರಳಿ ಕೇಳುವಂತಿಲ್ಲ. ಸಮಿತಿಯು ಮಗುವನ್ನು ದತ್ತುವಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸುತ್ತದೆ. ಈ ಅರವತ್ತು ದಿನಗಳಲ್ಲಿ ತಂದೆಯಾದವನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಯಾವ ನಿಯಮವೂ ಹೇಳುವುದಿಲ್ಲ, ಮತ್ತು ನಾನು ತಪ್ಪಿದ್ದು ಅಲ್ಲಿಯೇ. ಹನ್ನೆರಡನೆಯ ದಿನ ರಾತ್ರಿ ಅವಳಿಗೆ ಫೋನ್ ಮಾಡಿ, ಮಗುವನ್ನು ತಿರುಗಿ ತಂದುಬಿಡೋಣ ಎಂದು ಅತ್ತೆ. ಎಲ್ಲಿ ಇಡುವುದು, ಯಾರು ನೋಡಿಕೊಳ್ಳುವುದು, ನನ್ನ ಮನೆಯಲ್ಲಿ ಹೇಳುವ ಧೈರ್ಯ ನನಗಿದೆಯೇ ಎಂಬ ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಎಲ್ಲವನ್ನೂ ಕೇಳಿ, "ನನ್ನ ಎದೀ ಹಾಲ ಇನ್ನಾ ಬತ್ತಿಲ್ಲ. ಅದರಾಗ ನಿನ್ನ ಅಳು ಬ್ಯಾರೆ ಸಮಾಧಾನ ಮಾಡ್ಲೇನು?" ಎಂದು ಫೋನ್ ಇಟ್ಟಳು. ಮರುದಿನ ನಾನು ರಜೆ ಹಾಕಿ ಅದೇ ಸಮಾಲೋಚಕಿಯ ಬಳಿಗೆ ಹೋದೆ. ತಂದೆಗೂ ದುಃಖವಿರುತ್ತದೆ, ಅದನ್ನು ಇಳಿಸಿಕೊಳ್ಳಲು ಜಾಗವೂ ಬೇಕು. ಆದರೆ ಹಸಿ ಬಾಣಂತಿಯ ತಲೆಯ ಮೇಲೆ ಅದನ್ನು ಹೊರಿಸಬಾರದು. ಸಾಕುವ ದಾರಿ ನಿಜವಾಗಿ ಕೈಯಲ್ಲಿದ್ದರೆ ಮೊದಲ ವಾರದಲ್ಲೇ, ತನ್ನ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ಅವಳ ಮುಂದೆ ಸ್ಪಷ್ಟವಾಗಿ ಇಡಬೇಕು. ಇಲ್ಲವೆಂದರೆ ಅವಳ ತೀರ್ಮಾನವನ್ನು ದಿನಕ್ಕೊಮ್ಮೆ ಅಲುಗಾಡಿಸುತ್ತ ಕೂಡಬಾರದು. ಇಂಡಿಯ ಹುಡುಗನಿಗೆ ನಾನು ಎರಡೆರಡು ಸಲ ಹೇಳಿದ್ದು ಇದೊಂದನ್ನೇ.

ಇನ್ನೊಂದು ಸಂಗತಿ ಉಳಿದಿದೆ. ದತ್ತು ಹೋದ ಮಗು ಹದಿನೆಂಟು ತುಂಬಿದ ಮೇಲೆ ತನ್ನ ಮೂಲವನ್ನು ಅರಿಯಲು ತಾನೇ ಅರ್ಜಿ ಹಾಕಬಹುದು. ಅದಕ್ಕಿಂತ ಚಿಕ್ಕದಿದ್ದರೆ ದತ್ತು ತಂದೆ ತಾಯಿಯರ ಜೊತೆಗೂಡಿ ಹಾಕಬೇಕು. ಒಪ್ಪಿಸುವಾಗ ಹೆತ್ತವರು ಗೋಪ್ಯತೆ ಕೋರಿದ್ದರೆ ಅವರ ಒಪ್ಪಿಗೆಯಿಲ್ಲದೆ ಗುರುತನ್ನು ತಿಳಿಸುವುದಿಲ್ಲ, ಒಪ್ಪಿಸಿದ ಕಾರಣ ಮತ್ತು ಸಂದರ್ಭಗಳನ್ನು ಮಾತ್ರ ತಿಳಿಸುತ್ತಾರೆ. ಅವಳು ಗೋಪ್ಯತೆ ಕೋರಿದ್ದಾಳೋ ಇಲ್ಲವೋ ನಾನು ಕೇಳಿಲ್ಲ, ಕೇಳುವ ಹಕ್ಕೂ ನನಗಿಲ್ಲ. ನನ್ನ ಪಾಲಿಗೆ, ಮಗು ಕೇಳಿಕೊಂಡು ಬಂದರೆ ನನ್ನ ಹೆಸರು ತಿಳಿಸಲು ಅಡ್ಡಿಯಿಲ್ಲ, ಆದರೆ ಅದರಿಂದ ತಾಯಿಯ ಗುರುತು ಹೊರಬೀಳಬಾರದು ಎಂದು ಒಂದು ಹಾಳೆಯಲ್ಲಿ ಬರೆದು ಕಡತಕ್ಕೆ ಸೇರಿಸಲು ಕೊಟ್ಟಿದ್ದೇನೆ. ಅದಾದ ಮೇಲೆ ಎರಡು ಸಲ ಮನೆ ಬದಲಿಸಿದೆ, ಎರಡು ಸಲವೂ ಹೋಗಿ ಹೊಸ ವಿಳಾಸ ಕೊಟ್ಟು ಬಂದೆ. ಮಗುವಿಗೆ ಹದಿನೆಂಟು ತುಂಬುವುದು 2036ರ ಫೆಬ್ರುವರಿಯಲ್ಲಿ.

ಇಂಡಿಯ ಹುಡುಗನ ಗೆಳತಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಸೋಮವಾರ ಅವನೂ ಅವರ ಜೊತೆ ಸಮಿತಿಯ ಕಚೇರಿಗೆ ಹೋಗಿದ್ದ. ತನ್ನ ತಾಯಿಯ ಸಕ್ಕರೆ ಕಾಯಿಲೆಯ ಫೈಲನ್ನೂ, ಸಣ್ಣ ವಯಸ್ಸಿನಲ್ಲೇ ಎದೆನೋವಿನಿಂದ ತೀರಿಕೊಂಡ ದೊಡ್ಡಪ್ಪನ ಆಸ್ಪತ್ರೆಯ ಕಾಗದಗಳನ್ನೂ ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿದ್ದನಂತೆ. ಸಂಜೆ ಫೋನ್ ಮಾಡಿ, "ಅಣ್ಣಾ, ನಮ್ಮ ಆಯಿ ಭಾಳ ಚಂದ ಹಂತಿ ಪದಾ ಹಾಡ್ತಿದ್ಲು, ಅದನ್ನೂ ಬರಿಸೇನ್ರಿ. ತಪ್ಪಾತೇನು?" ಎಂದು ಕೇಳಿದ. ತಪ್ಪಿಲ್ಲಪಾ, ಅದೂ ಇರಲಿ ಎಂದೆ.