ಗೂ ಹೂದಾನಿ: ಮೂರು ತುಂಡು, ಎರಡು ಬೆಸುಗೆ, ಎಂಟು ಎಲೆ

ಪ್ರಾಚೀನ ಚೀನಾದ ಶಾಂಗ್ ರಾಜವಂಶದ ಕಾಲದ ಕಂಚಿನ ಮದ್ಯಪಾತ್ರೆ ‘ಗೂ’ವಿಗೆ ಕಹಳೆಯಂತೆ ಅರಳಿದ ಬಾಯಿ, ಸಣ್ಣ ಉಬ್ಬಿರುವ ನಡು, ಅಗಲ ಪಾದ. ಚಕ್ರವರ್ತಿ ಕಾಂಗ್ಶಿಯ ಆಳ್ವಿಕೆಯಲ್ಲಿ (1662–1722) ಚೀನಾದ ಪಿಂಗಾಣಿ ಊರು ಜಿಂಗ್‌ಡೆಝೆನ್‌ನಲ್ಲಿ ಇದೇ ಆಕಾರದ ನೀಲಿ-ಬಿಳಿ ಪಿಂಗಾಣಿ ಹೂದಾನಿಗಳು ತಯಾರಾದವು. ಸುಟ್ಟ ಮೇಲೆ 30 ಸೆಂ.ಮೀ. ಎತ್ತರ ಉಳಿಯಬೇಕಾದ ಅಂಥದೊಂದು ಹೂದಾನಿ ಈಗ ಬಣ್ಣದ ಹಂತಕ್ಕೆ ಬಂದಿದೆ.

ಬಳಸಿದ ಮಣ್ಣು ಒಟ್ಟು 13% ಕುಗ್ಗುತ್ತದೆ. ಆದ್ದರಿಂದ ಹಸಿ ಎತ್ತರ 34.5, ಬಾಯಿಯ ವ್ಯಾಸ 18.4 ಸೆಂ.ಮೀ. ಪಿಂಗಾಣಿ ಮಣ್ಣಿಗೆ ಜಿಗುಟು ಕಡಿಮೆ. ಇಷ್ಟೆತ್ತರವನ್ನು ಒಂದೇ ಮುದ್ದೆಯಿಂದ ಎತ್ತಿದರೆ ಸಪೂರ ನಡು ಮೇಲಿನ ಭಾರಕ್ಕೆ ಕುಸಿಯುತ್ತದೆ. ಬಾಯಿ, ಉಬ್ಬು, ಪಾದಗಳನ್ನು ತಿಗರಿಯ ಮೇಲೆ ಬೇರೆ ಬೇರೆ ತಿರುವಿ, ಉಗುರು ಒತ್ತಿದರೆ ಗುರುತು ಬೀಳುವ ಆದರೆ ಎತ್ತಿದರೆ ಬಾಗದ ಹದದಲ್ಲಿ ಕೂಡಿಸಲಾಗಿದೆ. ಅಂಚುಗಳನ್ನು ಗೀರಿ, ಅದೇ ಮಣ್ಣಿನ ಗಟ್ಟಿ ಬಗ್ಗಡ ಸವರಬೇಕು. ಬೆಸುಗೆ ಉಬ್ಬಿನ ಮೇಲಂಚು-ಕೆಳಂಚಿನಲ್ಲೇ ಬರಲಿ. ಆಕಾರ ಅಲ್ಲೇ ತಿರುಗುವುದರಿಂದ ಕಣ್ಣಿಗೆ ಬೀಳದು. ಒಂದು ತುಂಡು ಹೆಚ್ಚು ಒಣಗಿದ್ದರೆ ಮತ್ತೊಂದು ಕುಗ್ಗುವಾಗ ಸುತ್ತಲೂ ಕೂದಲೆಳೆಯ ಬಿರುಕು ಖಂಡಿತ. ಕೂಡಿಸಿದ ಮೇಲೆ ಪ್ಲಾಸ್ಟಿಕ್ ಹೊದಿಸಿಟ್ಟು ತೇವ ಸಮನಾದ ನಂತರವೇ ಬಯಲಿಗೆ. ಬಾಯಂಚಿನ ಒಂದು ಬದಿ ಬೇಗ ಒಣಗಿದರೂ ಆ ಸೊಟ್ಟತನ ಕೊನೆಯ ಸುಡುವಿಕೆಯಲ್ಲಿ ಎದ್ದು ಕಾಣುತ್ತದೆ. ಮೊದಲ ಸುಡುವಿಕೆ 950 ಡಿಗ್ರಿ ಸೆಲ್ಸಿಯಸ್.

ಚಿತ್ರದಲ್ಲಿ ನಿಜವಾದ ಸವಾಲು ವಿಭಜನೆ. ಕಂಚಿನ ಗೂ ಎರಕಕ್ಕೆ ಮಣ್ಣಿನ ಅಚ್ಚುಗಳ ತುಂಡುಗಳನ್ನು ಜೋಡಿಸುತ್ತಿದ್ದರು. ಜೋಡಣೆಯ ಗೆರೆಗಳೇ ಅಲಂಕಾರವನ್ನು ಭಾಗ ಮಾಡುತ್ತಿದ್ದವು, ಆ ಗೆರೆಯ ಮೇಲೆ ನಿಂತ ಏಣುಗಳು ಅದಕ್ಕೊಂದು ಬಿಗಿ ಕೊಡುತ್ತಿದ್ದವು. ತಿಗರಿಯ ಪಾತ್ರೆಗೆ ಅಂಥ ಗೆರೆಯಿಲ್ಲ. ಕುತ್ತಿಗೆಗೆ ಕಾಗದದ ಪಟ್ಟಿ ಸುತ್ತಿ, ಮೂರು ಸಲ ಮಡಿಸಿದರೆ ಎಂಟು ಸಮಭಾಗ. ಪ್ರತಿ ಭಾಗದಿಂದ ಒಂದು ಬಾಳೆಯೆಲೆ ಬಾಯಿಯತ್ತ ಮೊನಚಾಗಿ ಏರುತ್ತದೆ. ಅಂದಾಜಿನಲ್ಲಿ ಬರೆದರೆ ಕೊನೆಯ ಎಲೆ ಬಡಕಲಾಗುತ್ತದೆ, ಕಂಚಿನ ಗಾಂಭೀರ್ಯ ಅಲ್ಲಿಗೇ ಹೋಗುತ್ತದೆ. ಉಬ್ಬಿನ ಮೇಲೆ ಟಾವೊಟಿಯೆ, ಅಂದರೆ ಶಾಂಗ್ ಕಂಚಿನ ಪಾತ್ರೆಗಳಲ್ಲಿ ಕಾಣುವ ಮೃಗದ ಮುಖ: ಮೊದಲು ಎರಡು ಕಣ್ಣು, ಆಮೇಲೆ ಉಳಿದದ್ದು.

ನೀಲಿ ಕೊಡುವ ಕೋಬಾಲ್ಟ್ ಬಣ್ಣವನ್ನು ಕಡು ಚಹಾ ಕಷಾಯದಲ್ಲಿ ಕಲಸುವುದು ಜಿಂಗ್‌ಡೆಝೆನ್ ಚಿತ್ರಕಾರರ ರೂಢಿ. ಗೆರೆ ಸರಾಗವಾಗಿ ಹರಿಯುತ್ತದೆ. ಹೊರಗೆರೆ ಮೊದಲು, ಒಳಗೆ ಮೂರು ಹದದ ತೆಳು ಬಣ್ಣ. ಸುಟ್ಟ ಮೈ ನೀರು ಹೀರುವುದರಿಂದ ಒದ್ದೆ ಸ್ಪಂಜಿನಲ್ಲಿ ಒರೆಸಿಕೊಂಡು, ತುಂಬಿದ ಕುಂಚದ ಹನಿಯನ್ನು ಎಳೆಯಬೇಕು. ಅದೇ ಜಾಗಕ್ಕೆ ಮತ್ತೆ ಹೋದರೆ ಪಟ್ಟೆ. ಬಣ್ಣ ದಪ್ಪವಾದರೆ ಮೇಲಿನ ಗಾಜಿನಂಥ ಲೇಪ (ಗ್ಲೇಜ್) ಸರಿದು, ಕಪ್ಪು ಲೋಹದಂಥ ಕಲೆ ಉಳಿಯುತ್ತದೆ. ಒಣಪುಡಿ ಅಳೆಯುವಾಗ ಮಾಸ್ಕ್ ಕಡ್ಡಾಯ.

ಬಾಕಿ: ಪಾರದರ್ಶಕ ಗ್ಲೇಜ್, 1280 ಡಿಗ್ರಿಯಲ್ಲಿ ಆಮ್ಲಜನಕ ತಗ್ಗಿಸಿದ ಸುಡುವಿಕೆ. ಪಾದದಂಚಿನ ಗ್ಲೇಜ್ ಪೂರ್ತಿ ಒರೆಸಿ, ಕೆಳಗೆ ಆ ಶಾಖಕ್ಕೂ ಕರಗದ ಅಲ್ಯುಮಿನಾ ಪುಡಿ ಹರಡಬೇಕು; ಇಲ್ಲದಿದ್ದರೆ ಪಿಂಗಾಣಿಯು ಗೂಡಿನ ಹಲಗೆಗೆ ಕಚ್ಚಿ ತುಣುಕು ಕೀಳುತ್ತದೆ.